ಅರ್ಚನೆಗೆ ಹೇಳಿದ ಹೆಸರು

ಹೆಗ್ಗನಹಳ್ಳಿ, ಬೆಂಗಳೂರು
12-9-2000, ಮಂಗಳವಾರ

ಪ್ರೀತಿಯ ಭಾವನವರಿಗೆ,

ಕುಸುಮ ಮಾಡುವ ನಮಸ್ಕಾರಗಳು. ನಿಮ್ಮ ಮಂಡಿನೋವು ಹೇಗಿದೆ? ಹೋದ ಸಲ ಅಕ್ಕ ಮೈಸೂರಿಗೆ ಬಂದಾಗ ನೀವು ಗೋಡೆ ಹಿಡಿದುಕೊಂಡು ನಡೆದುಬಂದಿರಂತೆ. ಅವಳು ಕೊಟ್ಟ ಎಳ್ಳೆಣ್ಣೆ ನಿಮ್ಮ ಕೈಗೆ ಸಿಕ್ಕಿತೋ ಇಲ್ಲವೋ ಬರೆಯಿರಿ. ಈ ಕಾಗದವನ್ನು ನಿಮಗಿಂತ ಮೊದಲು ಓದುವ ಜೈಲಿನ ಸಾಹೇಬರಿಗೂ ನನ್ನ ನಮಸ್ಕಾರ. ಇದರಲ್ಲಿ ಮನೆಯ ಸುದ್ದಿ ಬಿಟ್ಟರೆ ಬೇರೇನೂ ಇಲ್ಲ. ಈಗ ಮನೆಯ ಸುದ್ದಿಯೂ ಊರಿನ ಸುದ್ದಿಯೂ ಒಂದೇ ಆಗಿರುವುದು ನನ್ನ ತಪ್ಪಲ್ಲ.

ಒಳಗೆ ನಿಮಗೆ ಪೇಪರು ಸಿಗುತ್ತದೋ ಇಲ್ಲವೋ ಎಂದು ಮೊದಲಿಂದ ಬರೆಯುತ್ತಿದ್ದೇನೆ. ಕಾಡುಗಳ್ಳ ಅಣ್ಣಾವ್ರನ್ನು ಹೊತ್ತೊಯ್ದ ದಿನದಿಂದ ಈ ಊರು ನೆಟ್ಟಗಿಲ್ಲ. ಟಾಕೀಸುಗಳು ಮುಚ್ಚಿವೆ. ಗಣೇಶನ ಪೆಂಡಾಲಿನಲ್ಲಿ ಈ ಸಲ ಆರ್ಕೆಸ್ಟ್ರಾ ಇರಲಿಲ್ಲ, ಗಣೇಶನೂ ಸಪ್ಪಗೆ ಕೂತಿದ್ದ. ಅಣ್ಣಾವ್ರನ್ನು ಬಿಡಬೇಕಾದರೆ, ತನಗೆ ನೆರವಾದರೆಂದು ಮೈಸೂರು ಜೈಲಿಗೆ ಹಾಕಿರುವ ಟಾಡಾ ಕೈದಿಗಳನ್ನು ಬಿಡಬೇಕು ಎಂದು ಕಾಡುಗಳ್ಳ ಕ್ಯಾಸೆಟ್ಟಿನಲ್ಲಿ ಹೇಳಿ ಕಳಿಸಿದ. ಸರ್ಕಾರ ಆಗಲಿ ಎಂದಿತು. ಆ ದಿನ ಅಕ್ಕ ಹೊಸೆಯುತ್ತಿದ್ದ ಊದುಬತ್ತಿಯನ್ನು ಹಾಗೇ ಬಿಟ್ಟು ಎದ್ದುಹೋಗಿ, ಟ್ರಂಕಿನಿಂದ ನಿಮ್ಮ ನೀಲಿ ಶರಟು ತೆಗೆದು ಒಗೆದುಹಾಕಿದಳು. ಆಮೇಲೆ ದೆಹಲಿಯ ದೊಡ್ಡ ಕೋರ್ಟು ತಡೆ ಕೊಟ್ಟಿತು. ಕಾಡಿನಲ್ಲಿ ಪೊಲೀಸ್ ಮಗನನ್ನು ಕಳೆದುಕೊಂಡ ತಂದೆಯೊಬ್ಬರು ಬಿಡಬೇಡಿ ಎಂದು ಅರ್ಜಿ ಹಾಕಿದ್ದರಂತೆ. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಶರಟು ಒಣಗಿತ್ತು, ಅಕ್ಕ ಅದನ್ನು ಮಡಿಸಿ ಮತ್ತೆ ಒಳಗಿಟ್ಟಳು.

ನಮ್ಮ ವಠಾರದಲ್ಲಿ ಈಗ ಎರಡು ಪಕ್ಷ. ಮನೆ ಓನರ್ ಕೃಷ್ಣಪ್ಪನವರು ಅಭಿಮಾನಿ ಸಂಘದವರು, ಆಡಳಿತ ಪಕ್ಷದವರೂ ಹೌದು. ಹಿಂದಿನ ಮನೆಯ ದುಂಡಪ್ಪನವರು ಬಿಜಾಪುರದ ಕಡೆಯವರು, ಪವರ್‌ಲೂಮಿನಲ್ಲಿ ಕೆಲಸ, ಎದುರು ಪಕ್ಷ. ಬೆಳಿಗ್ಗೆ ನಲ್ಲಿ ನೀರು ಬರುವ ಹೊತ್ತಿಗೆ ಶುರುವಾಗುತ್ತದೆ. ಕೃಷ್ಣಪ್ಪನವರ ಪ್ರಕಾರ ಆ ಅರ್ಜಿಯ ಹಿಂದೆ ಎದುರು ಪಕ್ಷದ ಕೈವಾಡವಿದೆ. ಅಣ್ಣಾವ್ರು ಬರದಿದ್ದರೆ ಸರ್ಕಾರ ಬೀಳುತ್ತದೆ, ಅದಕ್ಕೇ ಕಾಯುತ್ತಿದ್ದಾರಂತೆ. ದುಂಡಪ್ಪನವರ ಪ್ರಕಾರ ಇದೆಲ್ಲ ನಾಟಕ, ಅಣ್ಣಾವ್ರು ಯಾವುದೋ ಎಸ್ಟೇಟಿನ ಬಂಗಲೆಯಲ್ಲಿದ್ದಾರೆ. ಕ್ಯಾಸೆಟ್ಟಿನಲ್ಲಿ ಕೋಳಿ ಕೂಗಿದ್ದನ್ನು ದುಂಡಪ್ಪನವರ ಷಡ್ಡಕ ಕಿವಿಯಾರೆ ಕೇಳಿದ್ದಾನಂತೆ, "ಕಾಡಿನ್ಯಾಗ ಊರಕೋಳಿ ಎಲ್ಲಿಂದ ಬಂತ್ರಿ?" ಇನ್ನು ಕಾಡುಗಳ್ಳ ಎಂದೋ ಸತ್ತಿದ್ದಾನೆ, ಫೋಟೋದಲ್ಲಿರುವವನು ಮೀಸೆ ಅಂಟಿಸಿಕೊಂಡ ಬೇರೆಯವನು ಎನ್ನುವವರೂ ಇದ್ದಾರೆ. ನಾನು ಬಿಂದಿಗೆ ತುಂಬುವವರೆಗೆ ಒಬ್ಬರ ಮಾತನ್ನು ನಂಬುತ್ತೇನೆ, ಒಳಗೆ ತಂದಿಡುವಷ್ಟರಲ್ಲಿ ಇನ್ನೊಬ್ಬರ ಮಾತನ್ನು. ಸಾಹಿತ್ಯದಲ್ಲಿ ಬಿ.ಎ. ಮಾಡಿದವಳಿಗೆ ಒಂದು ಕಥೆ ಸುಳ್ಳೋ ನಿಜವೋ ತಿಳಿಯಬೇಕಿತ್ತು. ರಾಜಾಜಿನಗರದ ನಮ್ಮ ಪ್ರೆಸ್ಸಿಗೆ ಇಬ್ಬರ ಕರಪತ್ರಗಳೂ ಬರುತ್ತವೆ. ಎರಡರ ಪ್ರೂಫನ್ನೂ ನಾನೇ ತಿದ್ದುತ್ತೇನೆ. ಎರಡರಲ್ಲೂ ನಾಡದ್ರೋಹಿಗಳಿಗೆ ಧಿಕ್ಕಾರವಿರುತ್ತದೆ, ಎರಡರಲ್ಲೂ ನಿಮ್ಮ ಹೆಸರಿರುವುದಿಲ್ಲ.

ನಿಮ್ಮನ್ನೆಲ್ಲ ಕಳ್ಳರೆನ್ನುವ ಒಂದು ಮಾತಿನಲ್ಲಿ ಮಾತ್ರ ಇಬ್ಬರೂ ಒಂದೇ. "ಬಿಟ್ಟು ಬಿಸಾಕ್ರಿ ಆ ಕಳ್ ನನ್ಮಕ್ಳನ್ನ, ನಮಗೆ ಅಣ್ಣಾವ್ರು ಬಂದ್ರೆ ಸಾಕು" ಎಂದು ಕೃಷ್ಣಪ್ಪನವರು. "ಒಬ್ಬ ಕಳ್ಳನ್ನೂ ಬಿಡಬಾರ್ದರೀ" ಎಂದು ದುಂಡಪ್ಪನವರು. ಅಕ್ಕ ತಲೆಯೆತ್ತದೆ ಊದುಬತ್ತಿ ಹೊಸೆಯುತ್ತಾಳೆ. ಊರು ಬಿಟ್ಟು ಇಲ್ಲಿಗೆ ಬಂದಾಗಿನಿಂದ ವಠಾರದವರ ಲೆಕ್ಕದಲ್ಲಿ ನೀವು ಗುಜರಾತಿನಲ್ಲಿ ಲಾರಿ ಓಡಿಸುತ್ತಿದ್ದೀರಿ, ಬೇಜಾರಾಗಬೇಡಿ. ಈ ಏಳು ವರ್ಷದಲ್ಲಿ ನಿಮಗೆ ಒಂದು ಸಲವೂ ರಜೆ ಸಿಗಲಿಲ್ಲವೆಂದು ಓನರ್ ಹೆಂಡತಿ ಚಿಕ್ಕಲಕ್ಷ್ಮಮ್ಮನವರು ಆ ಕಾಣದ ಸೇಟುವನ್ನು ಎಷ್ಟೋ ಸಲ ಬೈದಿದ್ದಾರೆ.

ಕಳೆದ ಶನಿವಾರ ಅದೇ ಚಿಕ್ಕಲಕ್ಷ್ಮಮ್ಮನವರು ವಠಾರದ ಮುತ್ತೈದೆಯರನ್ನೆಲ್ಲ ಆಂಜನೇಯನ ಗುಡಿಗೆ ಕರೆದುಕೊಂಡು ಹೋದರು. ಅಣ್ಣಾವ್ರು ಕ್ಷೇಮವಾಗಿ ಮನೆ ಸೇರಲಿ ಎಂದು ಒಬ್ಬೊಬ್ಬರೂ ಒಂದೊಂದು ಅರ್ಚನೆ ಮಾಡಿಸುವುದೆಂದು ಮಾತು. ಅಕ್ಕ ಬರುವುದಿಲ್ಲ ಎನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಕೈಯ ಕರಿ ಹೋಗುವವರೆಗೆ ಸೋಪು ಹಾಕಿ ತಿಕ್ಕಿಕೊಂಡು ಹೊರಟಳು. ಅರ್ಚಕರು ತಟ್ಟೆ ಹಿಡಿದು ಯಾರ ಹೆಸರಿಗೆ, ಯಾವ ನಕ್ಷತ್ರ ಎಂದು ಕೇಳುತ್ತ ಬಂದರು. ಎಲ್ಲರೂ ಅಣ್ಣಾವ್ರ ಹೆಸರನ್ನೇ ಹೇಳಿದರು. ನಕ್ಷತ್ರದ ವಿಷಯದಲ್ಲಿ ಇಬ್ಬರಿಗೆ ಸಣ್ಣ ಜಗಳವೂ ಆಯಿತು. ಅಕ್ಕನ ಸರದಿ ಬಂತು. ಅವಳು ನಿಮ್ಮ ಹೆಸರು ಹೇಳಿದಳು, ಭಾವ. ಒಗಟು ಕಟ್ಟದೆ, ನಾಚದೆ, ಪುಟ್ಟಮಾದಯ್ಯ, ಉತ್ತರಾ ನಕ್ಷತ್ರ ಎಂದಳು. ಅರ್ಚಕರು ಅದನ್ನು ಗುಡಿಗೆಲ್ಲ ಕೇಳುವಂತೆ ಹೇಳಿ ಹೂ ಏರಿಸಿದರು.

ಚಿಕ್ಕಲಕ್ಷ್ಮಮ್ಮನವರು ನಕ್ಕು, "ಗಂಡನ್ ನೆನಪಾಗೋಯ್ತಾ ನೀಲಮ್ಮ? ಗುಜರಾತ್‌ಗೂ ಆಂಜನೇಯನೇ ಬೇಕಾ?" ಎಂದರು. ಅಕ್ಕ ತೀರ್ಥದ ಕೈಯನ್ನು ತಲೆಗೆ ಒರೆಸಿಕೊಂಡಳು. "ಗುಜರಾತಲ್ಲಿಲ್ಲ ಅಕ್ಕಾ. ಮೈಸೂರು ಜೈಲಲ್ಲಿದಾರೆ. ಬಿಡಿ, ಬಿಡಬೇಡಿ ಅಂತೀರಲ್ಲ, ಅವರಲ್ಲಿ ಅವ್ರೂ ಒಬ್ರು."

ಆಮೇಲೆ ಎಲ್ಲರೂ ಚಪ್ಪಲಿ ಹುಡುಕಿಕೊಂಡರು.

ಸಂಜೆ ಕೃಷ್ಣಪ್ಪನವರು ಬಂದರು. ಕುರ್ಚಿ ಹಾಕಿದರೂ ಕೂರಲಿಲ್ಲ. ಅವರು ಕೆಟ್ಟವರಲ್ಲ, ನಿಮಗೆ ಗೊತ್ತಿರಲಿ. ನನ್ನ ಕಾಲೇಜಿನ ಫೀಸಿನ ದಿನಗಳಲ್ಲಿ ಬಾಡಿಗೆಗೆ ಒಮ್ಮೆಯೂ ಬಾಯಿ ಮಾಡಲಿಲ್ಲ. "ನಿಮ್ಮೆಜಮಾನ್ರನ್ನ ಬಿಡ್ಲಿ ಕಣಮ್ಮ. ಅದಕ್ಕೇ ಅಲ್ವಾ ನಾವು ಬೀದಿಗಿಳಿದಿರೋದು. ಆದ್ರೆ ಇಲ್ಲಿಗೆ ಬರೋದು ಬೇಡ. ಮಕ್ಳು ಮರಿ ಇರೋ ವಠಾರ" ಎಂದರು. ಎಲ್ಲಿಗೆ ಬರಬೇಕು ಎಂದು ಅಕ್ಕ ಕೇಳಲಿಲ್ಲ. ಅವರು ಹೋದ ಮೇಲೆ ದುಂಡಪ್ಪನವರು ಹೊಸ್ತಿಲ ಹೊರಗೆ ತುಂಬಾ ಹೊತ್ತು ನಿಂತಿದ್ದು, ಮೆಲ್ಲಗೆ, "ತಂಗೀ, ಅಂವಾ ಖರೇನ ಆ ಕಾಡುಗಳ್ಳಗ ಅಕ್ಕಿ ಕೊಟ್ಟಿದ್ನೇನು?" ಎಂದು ಕೇಳಿದರು. ಇಷ್ಟು ದಿನದ ಗಲಾಟೆಯಲ್ಲಿ ಇದನ್ನು ಕೇಳಿದವರು ಅವರೊಬ್ಬರೇ. ಅಕ್ಕ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಊರಿನಲ್ಲಿದ್ದ ನಿಮ್ಮ ಅಂಗಡಿಯಲ್ಲಿ ಅಕ್ಕಿ ಕೊಂಡವರು ಯಾರು, ನಿಮಗೆ ಅದು ತಿಳಿದಿತ್ತೋ ಇಲ್ಲವೋ, ನಮಗೆ ಗೊತ್ತಿಲ್ಲ. ನಾವು ಎಂದೂ ಕೇಳಲಿಲ್ಲ, ಯಾವ ಕೋರ್ಟೂ ಇನ್ನೂ ಹೇಳಿಲ್ಲ. ಈ ಕಾಗದದಲ್ಲಿ ನಾನು ಕೇಳುತ್ತಲೂ ಇಲ್ಲ, ಸಾಹೇಬರು ಗಮನಿಸಬೇಕು.

ಅಕ್ಕ ಚೆನ್ನಾಗಿದ್ದಾಳೆ. ಊಟ ಕಡಿಮೆ, ಆದರೆ ಗುಡಿಯಿಂದ ಬಂದ ಮೇಲೆ ರಾತ್ರಿ ನಿದ್ದೆ ಮಾಡುತ್ತಾಳೆ. ಮಾದಪ್ಪ ನಿಮ್ಮನ್ನು ಕಾಯಲಿ. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ.

ಇಂತು ನಿಮ್ಮ ನಾದಿನಿ,
ಕುಸುಮ

ಮರೆತಿದ್ದೆ: ನಾವು ಈ ಮನೆ ಬಿಡುತ್ತಿದ್ದೇವೆ. ಇನ್ನು ಮುಂದೆ ಪ್ರೆಸ್ಸಿನ ವಿಳಾಸಕ್ಕೆ ಬರೆಯಿರಿ. ಶ್ರೀಗಂಧದ ಕಾವಲಿನಲ್ಲಿ ವಿಮಲಮ್ಮ ಎಂಬುವರ ಒಂದು ರೂಮು ನೋಡಿದೆವು. ಅಡ್ವಾನ್ಸಿನ ಮಾತಿಗಿಂತ ಮೊದಲು ಅಕ್ಕ ನಿಮ್ಮ ವಿಷಯ ಹೇಳಿದಳು. ವಿಮಲಮ್ಮನವರು, ಯಾವಾಗ ಬರುತ್ತಾರೆ ಎಂದರು. ಅದು ಕೋರ್ಟಿನ ಕೈಯಲ್ಲಿದೆ ಎಂದಳು ಅಕ್ಕ. ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ. ಬಿಡುಗಡೆಯಾದ ಕೈದಿಗಳನ್ನು ಜೀಪಿನಲ್ಲಿ ಕಾಡಿಗೇ ಒಯ್ದು ಕಾಡುಗಳ್ಳನ ಕೈಗೆ ಒಪ್ಪಿಸುತ್ತಾರೆ ಎಂಬ ಸುದ್ದಿಯೂ ಇಲ್ಲಿದೆ. ಅದು ಸುಳ್ಳಿರಬಹುದು. ಆದರೆ ಹಾಗೆ ಬಿಡುವುದಾದರೆ ಒಪ್ಪಬೇಡಿ, ಒಳಗೇ ಇರಿ ಎಂದು ಬರೆ ಎಂದಳು ಅಕ್ಕ. ಬರೆದೆ. ಓದಿಸಿಕೊಂಡು ಕೇಳಿ, ಬೇಡ, ಹೊಡೆದುಹಾಕು, ಹೇಗಾದರೂ ಹೊರಗೆ ಬರಲಿ ಎಂದಳು. ಒಲೆಯ ಹತ್ತಿರ ಹೋದವಳು ತಿರುಗಿ ಬಂದು, ಹೊಡೆದುಹಾಕಿದೆಯಾ ಎಂದಳು. ಹಾಕಿದ್ದೇನೆ, ಭಾವ. ಕೆಳಗಿನ ಅಕ್ಷರ ಕಾಣುವಷ್ಟು ತೆಳ್ಳಗೆ ಗೆರೆ ಎಳೆದಿದ್ದೇನೆ.