ಸೊಸೈಟಿ ಅಕ್ಕಿಗೆ ಬದಲು ರಾಗಿ

ಜುಲೈ 8, ಮಂಗಳವಾರ

ಕರಪತ್ರ ಮಡಚಿ ಮಡಚಿ ಬೆರಳ ತುದಿಯೆಲ್ಲ ಮಸಿ. ಹತ್ತು ಗಂಟೆಯೊಳಗೆ ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿರಬೇಕು. ‘ಗೋದಾಮು ತುಂಬಿದೆ, ಹೊಟ್ಟೆ ತುಂಬಿಲ್ಲ’ — ಪೂರ್ತಿ ನಾನೇ ಬರೆದದ್ದು. ಪಾಂಡವಪುರದ ಅಶೋಕ್ ಪಡಿತರ ಹೋರಾಟದ ನಮ್ಮ ಗುಂಪಿನ ಮುಂದಾಳು. ಒಂದು ಅಕ್ಷರ ತಿದ್ದಲಿಲ್ಲ. ಅಪ್ಪನಿಗೆ ಮಾತ್ರ ಸಿಟ್ಟು. ಗದ್ದೆ ಕೆಲಸಕ್ಕೆ ಆಳು ಸಿಗುತ್ತಿಲ್ಲ, ನೀನು ಕಾಗದ ಹಂಚಿಕೊಂಡು ಊರೂರು ತಿರುಗು ಎಂದು ಗೊಣಗುತ್ತ ಗದ್ದೆಗೆ ಹೋದ. ನಮ್ಮ ಅರಕೆರೆಯಲ್ಲಿ ನಾಲೆ ನೀರು ಬಿಟ್ಟರೆಂದರೆ ಯಾರಿಗೂ ಬೇರೆ ಲೋಕವಿಲ್ಲ.

ಜುಲೈ 10, ಗುರುವಾರ

ಕಣ್ಣಾರೆ ಕಂಡೆ.

ಸೊಸೈಟಿಯಲ್ಲಿ ಇವತ್ತು ಪಡಿತರ. ಈ ತಿಂಗಳೂ ರಾಗಿ ಬಂದಿಲ್ಲ, ಬರೀ ಅಕ್ಕಿ. ಹೆಂಗಸರು ಚೀಲ ಹೊತ್ತು ಹೊರಗೆ ಬಂದವರು ಮನೆ ಕಡೆ ಹೋಗಲಿಲ್ಲ. ಹಿಂದಿನ ಬೀದಿಯಲ್ಲಿ ಒಂದು ಲಗೇಜ್ ಆಟೊ ನಿಂತಿತ್ತು, ಅದರೊಳಕ್ಕೆ ಎತ್ತಿಟ್ಟರು. ಬಿಂಡಿಗನವಿಲೆಯ ಚಿಕ್ಕಯ್ಯನ ಆಟೊ. ನಮ್ಮೂರ ಕಬ್ಬಿಗೆ ಕುರಿಗೊಬ್ಬರ ತಂದು ಹಾಕುವವನು. ಬರುವಾಗ ಗೊಬ್ಬರ, ಹೋಗುವಾಗ ಬಡವರ ಅಕ್ಕಿ! ಇಂಥ ಅಕ್ಕಿಯೇ ಪಾಲಿಶ್ ಆಗಿ ಬೇರೆ ಚೀಲದಲ್ಲಿ ಅಂಗಡಿಗೆ ಬರುವುದು. ಎಷ್ಟು ಕಡೆ ಓದಿಲ್ಲ ನಾನು.

ಫೋನ್ ತೆಗೆದೆ. ನಮ್ಮ ಗದ್ದೆಗೆ ನಾಟಿಗೆ ಬರುವ ಕುಳ್ಳಮ್ಮ ಆಗತಾನೆ ಚೀಲ ಎತ್ತಿದ್ದಳು. ನನ್ನನ್ನು ನೋಡಿ ಹೆದರಲಿಲ್ಲ. ಚೀಲ ಇಳಿಸಿ, ಸೆರಗು ಸರಿಮಾಡಿಕೊಂಡು, ಆಟೊ ಪಕ್ಕ ನೆಟ್ಟಗೆ ನಿಂತಳು.

“ಈಗ ತೆಗಿಯವ್ವ. ನಗಾಡ್ಲಾ, ಸುಮ್ನಿರ್ಲಾ?”

ಮೋಸ ಹೋಗುತ್ತಿದ್ದೇನೆಂದು ಕೂಡ ಗೊತ್ತಿಲ್ಲ ಪಾಪ.

ಜುಲೈ 11

ಆಹಾರ ಇಲಾಖೆಗೆ ದೂರು ಕಳಿಸಿದೆ. ಫೋಟೊ, ಆಟೊ ನಂಬರ್ ಎಲ್ಲ ಸೇರಿಸಿ. ಕುಳ್ಳಮ್ಮನ ಹೆಸರು ಬರೆಯಲಿಲ್ಲ. ಮುಖವಿದೆ, ಹೆಸರಿಲ್ಲ... ಅವಳಿಗೇನೂ ಆಗದು. ಅಶೋಕ್ ಅದನ್ನು ಗ್ರೂಪಿಗೆ ಹಾಕಿ, ‘ತಾಲ್ಲೂಕಿಗೊಬ್ಬಳು ಸಹನ ಇದ್ದರೆ ಸಾಕು’ ಎಂದು ಬರೆದ. ಆ ಮೆಸೇಜನ್ನು ಮತ್ತೆ ಮತ್ತೆ ತೆಗೆದು ಓದಿದೆ. ನಾಚಿಕೆಯಾಗುತ್ತದೆ. ಆದರೂ ಓದಿದೆ.

ಜುಲೈ 29, ಮಂಗಳವಾರ

ಸಸಿಮಡಿಯ ಕೆಲಸ, ಬರೆಯಲು ಕೈಗೆ ಬಿಡುವಿರಲಿಲ್ಲ.

ತಿಂಗಳ ಕೊನೆಯ ಪಡಿತರದ ಅಕ್ಕಿ ಒಯ್ಯುತ್ತಿದ್ದ ಚಿಕ್ಕಯ್ಯನ ಆಟೊವನ್ನು ಪಾಂಡವಪುರದ ಹತ್ತಿರ ಹಿಡಿದರು. ಅಕ್ಕಿ ಜಪ್ತಿ, ಆಟೊ ಜಪ್ತಿ, ಕೇಸು. ಬೆಳಗ್ಗೆ ಸುದ್ದಿ ಬಂದಾಗ ಕುಣಿಯುವಂತಾಯಿತು.

ಸಂಜೆ ಅಪ್ಪ ಗದ್ದೆಯಿಂದ ಬಂದವನು ಕಾಲು ಕೂಡ ತೊಳೆಯದೆ ಹೇಳಿದ. ಫೋಟೊದಲ್ಲಿರುವವರು ಯಾರೆಂದು ಸೊಸೈಟಿಯಲ್ಲಿ ಕೇಳಿದ್ದಾರೆ. ಕುಳ್ಳಮ್ಮನ ಕಾರ್ಡು ಆರು ತಿಂಗಳು ಸಸ್ಪೆಂಡ್. ಪಡಿತರ ಕೊಂಡವನಿಗಷ್ಟೇ ಅಲ್ಲ, ಕೊಟ್ಟವರಿಗೂ ಶಿಕ್ಷೆಯಂತೆ.

ನಾನು ಓದಿದ್ದರಲ್ಲೆಲ್ಲೂ ಅದಿರಲಿಲ್ಲ. ಇತ್ತೇನೋ. ಅಷ್ಟು ದೂರ ಓದಲಿಲ್ಲ.

ಜುಲೈ 30

ಕುಳ್ಳಮ್ಮನ ಮನೆಗೆ ಹೋದೆ. ಮಗಳು ಸ್ನೇಹ ಹೆರಿಗೆಗೆ ಬಂದಿದ್ದಾಳೆ. ಗೋಡೆಗೆ ಒರಗಿ ಕುಳಿತಿದ್ದಳು. ಅಕ್ಕಿ ಯಾಕೆ ಮಾರಿದೆ ಅಕ್ಕ ಎಂದು ಕೇಳಿದೆ. ಅಲ್ಲಿ ನಿಂತು ಕೂಡ ನಾನೇ ಕೇಳುವವಳು!

“ಮಾರ್ದೋರು ಯಾರವ್ವ? ಬದ್ಲು ಕೊಡದು. ನಾಲೆ ನೀರು ಬರೋ ಊರಲ್ಲಿ ರಾಗಿ ಯಾರು ಬೆಳೀತಾರೆ? ಗೇಯೋ ಮೈಗೆ ಮುದ್ದೆ ಬೇಕು. ಚಿಕ್ಕಯ್ಯನೋರ ಊರಲ್ಲಿ ರಾಗಿ ಬುಟ್ರೆ ಇನ್ನೇನೈತೆ? ನಮ್ಮ ಅಕ್ಕಿ ಅಲ್ಲಿಗೋಯ್ತದೆ, ಅವ್ರ ರಾಗಿ ಇಲ್ಲಿಗ್ ಬತ್ತದೆ.”

ಹೇಗೂ ಗೊಬ್ಬರಕ್ಕೆ ಬರುವ ಆಟೊ. ಚಿಕ್ಕಯ್ಯ ಬಾಡಿಗೆಗೆಂದು ಚೀಲಕ್ಕೆ ಒಂದು ಪಾವು ಹಿಡಿದುಕೊಳ್ಳುತ್ತಿದ್ದನಂತೆ, ಅಷ್ಟೇ. ಅವನ ಹೆಂಡತಿ ಬೈರಮ್ಮ ರಾಗಿಯ ಮೇಲೆ ಒಂದು ಹಿಡಿ ಹುರುಳಿ ಗಂಟು ಕಟ್ಟಿ ಇಡುತ್ತಾಳೆ. ಕುಳ್ಳಮ್ಮ ಅಕ್ಕಿಯ ಮೇಲೆ ಒಂದು ಅಚ್ಚು ಬೆಲ್ಲ ಇಡುತ್ತಾಳೆ. ವರ್ಷಗಳಿಂದ ಹೀಗೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ.

ಹೊರಡುವಾಗ ಬಾಗಿಲವರೆಗೆ ಬಂದಳು.

“ಫೋಟೊ ಚೆಂದಾಗಿ ಬಂದೈತೆ ಕಣವ್ವ. ಸೊಸೈಟೀಲಿ ತೋರಿಸುದ್ರು. ಕೇಳಿದ್ರೆ ನಾನೇ ಹೇಳ್ತಿದ್ನಲ್ಲ.”

ಬೈದಿದ್ದರೆ ಚೆನ್ನಾಗಿತ್ತು.

ಆಗಸ್ಟ್ 4, ಸೋಮವಾರ

ದೂರು ವಾಪಸ್ ಪಡೆಯಲು ಆಫೀಸಿಗೆ ಹೋಗಿದ್ದೆ. ಅದು ಮಾರಾಟವಲ್ಲ, ಬದಲು ಎಂದೆ. ಬದಲು ಕೊಡುವುದೂ ತಪ್ಪೇ ಅಂತೆ. ಅಲ್ಲಿನ ಗುಮಾಸ್ತರು ಒಳ್ಳೆಯವರೇ, ಕೂರಿಸಿ ಮಾತಾಡಿಸಿದರು.

“ದೂರು ಬೇಕಾದ್ರೆ ವಾಪಸ್ ತಗೊಳ್ಳಮ್ಮ. ಫೋಟೊ ಎಂಗೆ ವಾಪಸ್ ತಗೊಂಡೀಯೆ?”

ಅಶೋಕ್‌ಗೆ ಫೋನ್ ಮಾಡಿದೆ. ವ್ಯವಸ್ಥೆ ಸರಿಹೋಗುವಾಗ ನಾಲ್ಕು ಜನಕ್ಕೆ ತೊಂದರೆ ಆಗುತ್ತೆ ಸಹನ, ಎಂದ. ತಿರುಗಿ ಬಯ್ಯೋಣವೆಂದರೆ ಅದು ನನ್ನದೇ ವಾಕ್ಯ. ಕರಪತ್ರದ ಎರಡನೆಯ ಪುಟ.

ಆಗಸ್ಟ್ 9, ಶನಿವಾರ

ಬಿಂಡಿಗನವಿಲೆಗೆ ಹೋಗಿ ಬಂದೆ. ಅವ್ವನಿಗೆ ಹೇಳಿರಲಿಲ್ಲ.

ಚಿಕ್ಕಯ್ಯ ಆಟೊ ಬಿಡಿಸಿಕೊಳ್ಳಲು ವಕೀಲರ ಹತ್ತಿರ ಹೋಗಿದ್ದ. ಬೈರಮ್ಮ ಕುರಿಗೆ ಸೊಪ್ಪು ಹಾಕುತ್ತಿದ್ದಳು. ದೂರು ಕೊಟ್ಟವಳು ನಾನೇ ಎಂದೆ. ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಹೋಗಿದ್ದ ಮಾತುಗಳಲ್ಲಿ ಅದೊಂದೇ ಬಾಯಿಗೆ ಬಂತು. ಅವಳು ಸೊಪ್ಪು ಮುರಿಯುವುದನ್ನು ನಿಲ್ಲಿಸಲಿಲ್ಲ. ಕೊನೆಯ ಕೊಂಬೆಯನ್ನೂ ಕುರಿಗೆ ಹಾಕಿ ತಲೆಯೆತ್ತಿದಳು.

“ಬೆಲ್ಲದವ್ವ ಎಂಗವ್ಳೆ? ಮಗ್ಳು ಬಸ್ರಿ ಅಂದಿದ್ದ ನಮ್ಮೋನು.”

ಕಾರ್ಡಿನ ವಿಷಯ ಹೇಳಿದೆ. ಎದ್ದು ಒಳಗೆ ಹೋದಳು. ರಾಗಿ ಅಳೆಯುವ ಸದ್ದು ಕೇಳಿಸಿತು. ಚೀಲ ತಂದು ನನ್ನ ಮುಂದಿಟ್ಟಳು. ಮೇಲೆ ಹುರುಳಿಯ ಗಂಟು.

“ನಿನ್ನ ಬೈದ್ರೆ ಅವ್ಳ ಹೊಟ್ಟೆ ತುಂಬ್ತದಾ? ತಗಂಡೋಗು.”

ನಾಗಮಂಗಲದಲ್ಲಿ ಬಸ್ ಬದಲಿಸಿದೆ. ಪಾಂಡವಪುರ ದಾಟುವವರೆಗೆ ಚೀಲವನ್ನು ಕಾಲಿನಿಂದ ಸೀಟಿನ ಅಡಿಗೆ ಒತ್ತುತ್ತಲೇ ಇದ್ದೆ. ಬರೀ ರಾಗಿ. ಯಾರು ಏನು ಕೇಳುತ್ತಾರೆ? ಆದರೂ ಖಾಕಿ ಬಟ್ಟೆ ಕಂಡರೆ ಮುಖ ತಿರುಗಿಸಿಕೊಳ್ಳುತ್ತಿದ್ದೆ.

ಆಗಸ್ಟ್ 10, ಭಾನುವಾರ

ಕುಳ್ಳಮ್ಮ ಹುರುಳಿಯ ಗಂಟು ಬಿಚ್ಚಿ ಮೂಸಿ ನೋಡಿದಳು. ಅದನ್ನು ಒಳಗಿಟ್ಟು ಬಂದಳು. ರಾಗಿ ಚೀಲವನ್ನು ನನ್ನ ಕಡೆ ತಳ್ಳಿದಳು.

“ಹುರುಳಿ ಅವ್ಳು ಪಿರೂತಿಗೆ ಕೊಟ್ಟಿದ್ದು, ಮಡಿಕತೀನಿ. ರಾಗಿಗೆ ಬದ್ಲು ಕೊಡಾಕೆ ನಂತಾವ ಏನೈತೆ?”

ನಮ್ಮ ಮನೆಯಿಂದ ಅಕ್ಕಿ ತರುತ್ತೇನೆ, ಅದನ್ನೇ ಬೈರಮ್ಮನಿಗೆ ಕಳಿಸು ಎಂದೆ. ಕಣಜದಲ್ಲಿ ಬೇಕಾದಷ್ಟಿದೆ ಎಂದೂ ಸೇರಿಸಿದೆ. ಸೇರಿಸಬಾರದಿತ್ತು.

“ಅದು ನಿಮ್ಮಪ್ಪನ ಅಕ್ಕಿ ಕಣವ್ವ. ಸೊಸೈಟೀದು ನಂದಾಗಿತ್ತು.”

ಸಿಟ್ಟಿನಿಂದ ಹೇಳಲಿಲ್ಲ. ತಿಳಿಯದವಳಿಗೆ ತಿಳಿಸಿ ಹೇಳುವ ಹಾಗೆ ಹೇಳಿದಳು. ಒಳಗೆ ಸ್ನೇಹ ಮಗ್ಗುಲಾದಳು. ಚೀಲ ಹೊತ್ತುಕೊಂಡು ವಾಪಸ್ ಬಂದೆ. ಬೀದಿಯವರೆಲ್ಲ ನೋಡಿದರು.

ಆಗಸ್ಟ್ 13, ಬುಧವಾರ

ರಾಗಿ ಜಗುಲಿಯ ಮೂಲೆಯಲ್ಲೇ ಇದೆ. ಮಿಲ್ಲಿಗೆ ಕಳಿಸಿ ಹಿಟ್ಟು ಮಾಡಿಸಲಾ ಎಂದು ಅವ್ವ ಕೇಳಿದಳು. ಬೇಡವೆಂದೆ.

ಇವತ್ತು ನಮ್ಮ ಗದ್ದೆ ನಾಟಿ. ಕುಳ್ಳಮ್ಮನೂ ಬಂದಿದ್ದಳು. ಬರುವುದಿಲ್ಲವೆಂದುಕೊಂಡಿದ್ದೆ. ಎಂದಿನಂತೆ ಮುಂದಿನ ಸಾಲಿನಲ್ಲಿ ನಿಂತಳು, ಎಂದಿನಂತೆ ನಿಧಾನ ಮಾಡುವವರನ್ನು ಛೇಡಿಸಿದಳು. ನನಗೇ ಮರೆತುಹೋಗುವಷ್ಟು ಎಂದಿನಂತೆ.

ಮಧ್ಯಾಹ್ನ ಅನ್ನ, ಸಾರು ನಾನೇ ಹೊತ್ತುಕೊಂಡು ಹೋದೆ. ಎಲ್ಲರೂ ಬದುವಿನ ಮೇಲೆ ಸಾಲಾಗಿ ಕುಳಿತರು. ಕುಳ್ಳಮ್ಮ ಒಂದಿಷ್ಟು ಉಂಡಳು. ಉಳಿದದ್ದನ್ನು ಮಗಳಿಗೆಂದು ಡಬ್ಬಿಗೆ ತುಂಬಿ ಮುಚ್ಚಳ ಹಾಕಿದಳು. ನಾನು ಹೋಗಿ, ಅವಳ ತಟ್ಟೆಗೆ ಇನ್ನೊಂದು ಸೌಟು ಹಾಕಲು ಬಗ್ಗಿದೆ. ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು. ಕೆಸರು ಒಣಗಿದ ಕೈ. ಅದನ್ನು ತೆಗೆಯಲಿಲ್ಲ. ಪಕ್ಕದ ಹೆಂಗಸರು ತುತ್ತು ಹಿಡಿದುಕೊಂಡು ನೋಡತೊಡಗಿದರು. ಬಗ್ಗಿದವಳು ಹಾಗೇ ನಿಂತಿದ್ದೆ, ಸೌಟಿನ ಅನ್ನ ಆರುತ್ತಿತ್ತು, ಕೊನೆಗೆ ಅದನ್ನು ಪಾತ್ರೆಗೇ ಮರಳಿ ಹಾಕಿ ಮುಂದಿನವರ ಹತ್ತಿರ ಹೋದೆ.