ಕೈ ಊರದೆ ಏಳುವುದು

ಬಬ್ಬೂರು, ನವೆಂಬರ್ 16, ಭಾನುವಾರ

ನಮ್ಮಣ್ಣ ಯತ್ತಣ್ಣ ಎದ್ದು ನಿಂತ ರೀತಿ ಇನ್ನೂ ಕಣ್ಣಿಂದ ಹೋಗುತ್ತಿಲ್ಲ.

ಬೆಳಿಗ್ಗೆ ಶಾಲೆಯಲ್ಲಿ ವಯಸ್ಸಾದವರಿಗೆ ಆರೋಗ್ಯ ಶಿಬಿರವಿತ್ತು. ಡಾಕ್ಟರಮ್ಮ ನಮ್ಮನ್ನೆಲ್ಲ ನೆಲದ ಮೇಲೆ ಕೂರಿಸಿ, "ಈಗ ಕೈ ಊರದಂಗೆ ಏಳ್ರಿ, ನೋಡಾಣ" ಅಂದರು. ಯತ್ತಣ್ಣ ನನಗಿಂತ ಎಂಟು ವರ್ಷ ದೊಡ್ಡವನು, ಬದುಕೆಲ್ಲ ಕುರಿ ಹಿಂದೆ ಅಲೆದವನು. ಹೆಗಲ ಮೇಲಿನ ಕಂಬಳಿಯೂ ಜಾರದಂತೆ ಎದ್ದ. ಮಾರಿಕಣಿವೆ ಡ್ಯಾಮಿನ ಆಫೀಸಿನ ಕುರ್ಚಿಯಲ್ಲೇ ರಿಟೈರ್ ಆದ ನಾನು ಬೆಂಚು ಹಿಡಿದರೂ ಏಳಲಾಗಲಿಲ್ಲ.

"ಹಿಡ್ಕಳಲೇ" ಅಂತ ಅವನೇ ಕೈ ಚಾಚಿ ಎತ್ತಿದ. ಎಲ್ಲರೂ ಚಪ್ಪಾಳೆ ತಟ್ಟಿದರು, ನನ್ನ ಹೆಂಡತಿ ಚಿತ್ತಮ್ಮನೂ.

ದಿನಾ ಬಾದಾಮಿ ನೆನೆಹಾಕಿ ತಿನ್ನುವವನು ನಾನು. ಅವನು ಇವತ್ತಿಗೂ ಬೀಡಿ ಬಿಟ್ಟಿಲ್ಲ! ದಾರಿಯಲ್ಲಿ ಇವಳು, "ನಿಮ್ಮಣ್ಣ ಇನ್ನೂ ಹುಡುಗ ಇದ್ದಂಗವ್ರೆ ಕಣ್ರಿ" ಅಂದಳು. ಅವನಿಗೂ ಒಮ್ಮೆ ಮಂಡಿ ಹಿಡಿಯಲಿ ಅನಿಸಿತು. ಒಡಹುಟ್ಟಿದವನಿಗೆ ಹಾಗೆ ಬಯಸಬಾರದು. ಬಯಸಿದೆ.

ಇವಳು ನಡುಮನೆಯಲ್ಲಿ ಮಲಗಿದ ಮೇಲೆ ನಾನೂ ಕೈ ಊರದೆ ಎದ್ದು ನೋಡೋಣವೆಂದು ಕೋಣೆಯ ಚಿಲಕ ಹಾಕಿಕೊಂಡು ನೆಲದ ಮೇಲೆ ಕೂತೆ. ಎಷ್ಟು ಒದ್ದಾಡಿದರೂ ಆಗಲಿಲ್ಲ. ಇದನ್ನು ಇಲ್ಲೇ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಕೂಗಿದರೆ ಇವಳಿಗೆ ಎಚ್ಚರವಾಗುತ್ತದೆ. ಆದರೆ ಬಾಗಿಲು ಒಡೆಯಲು ಪಕ್ಕದ ಮನೆಯಿಂದ ಇವಳು ಕರೆದು ತರುವುದು ಅಣ್ಣನನ್ನೇ.