ಒಂದೇ ಸಲದ ಕರೆ

ಅಕ್ಟೋಬರ್ ೧೪, ಮಂಗಳವಾರ. ಡೊಂಬಿವಲಿ.

ಆ ದನಿ ಕಿವಿಯಿಂದ ಹೋಗುತ್ತಿಲ್ಲ.

ತುರ್ಭೆಯ ಸ್ಟುಡಿಯೋದಲ್ಲಿ ಡ್ಯಾನ್ಸ್ ಶೋಗೆ ಇಂಟರ್‌ಕಾಮ್ ಜೋಡಿಸಿ, ಮಧ್ಯಾಹ್ನ ಕ್ಯಾಮೆರಾದವರನ್ನೆಲ್ಲ ಹೆಡ್‌ಸೆಟ್‌ನಲ್ಲಿ ಒಬ್ಬೊಬ್ಬರಾಗಿ ಕರೆದು ನೋಡಿದೆ. ಕರೆದ ಕೂಡಲೇ ‘ಕಾಪಿ’, ಅಂದರೆ ಕೇಳಿಸಿತು, ಎನ್ನಬೇಕು, ಎರಡನೇ ಸಲ ಕರೆಸಿಕೊಳ್ಳಬಾರದು. ಅವರಿಗೆಲ್ಲ ನಾನೇ ಹೇಳಿಕೊಟ್ಟದ್ದು.

ಎಲ್ಲ ಮುಗಿದ ಮೇಲೆ ಯಾರೋ ಮೆಲ್ಲಗೆ ಕರೆದರು. “ಅಕ್ಕೂ.”

“ಕಾಪಿ” ಎಂದುಬಿಟ್ಟೆ.

ಆಮೇಲೆ ಹೊಳೆಯಿತು. ಅಲ್ಲಿ ಎಲ್ಲರಿಗೂ ನಾನು ಅಕ್ಷಯಾ ಮೇಡಂ. ಅಕ್ಕು ಎನ್ನುವುದು ಅಮ್ಮ ಒಬ್ಬಳೇ. ಪ್ಯಾನಲ್‌ನಲ್ಲಿ ಎಂಟನೇ ಲೈನಿನ ದೀಪ ಉರಿಯುತ್ತಿತ್ತು. ಎಂಟರಲ್ಲಿ ಯಾರಿದ್ದಾರೆ ಎಂದು ಕೆಳಗೆ ಕೇಬಲ್ ಎಳೆಯುತ್ತಿದ್ದ ಮನೀಶನನ್ನು ಕೇಳಿದೆ.

“ಆಠ್ ಖಾಲಿ ಹೈ, ಮೇಡಂ. ಎಂಟಕ್ಕಿನ್ನೂ ಕೇಬಲ್ಲೇ ಹಾಕಿಲ್ಲ.”

ಅವನು ಹೇಳುತ್ತಿದ್ದಂತೆ ದೀಪ ಆರಿತು.

ಉಡುಪಿಯಿಂದ ಇಲ್ಲಿಗೆ ಬಂದು ಇಷ್ಟು ವರ್ಷವಾದರೂ ಅಮ್ಮ ಒಂದು ಮಾತು ಬಿಟ್ಟಿಲ್ಲ. “ಮುಖ ಕಾಣದೆ ಯಾರಾದ್ರೂ ಕರೆದ್ರೆ ಮೊದಲ್ನೇ ಸಲಕ್ಕೇ ಓ ಅನ್ಬೇಡ ಮಾರಾಯ್ತಿ. ಮನುಷ್ಯರಾದ್ರೆ ಇನ್ನೊಮ್ಮೆ ಕರೀತಾರೆ. ಅದು ಒಂದೇ ಸಲ ಕರೆಯೂದು.” ನಾನು ನಗುತ್ತಿದ್ದೆ. ನನ್ನ ಕೆಲಸದಲ್ಲಿ ಯಾರ ಮುಖವೂ ಕಾಣುವುದಿಲ್ಲವಲ್ಲ.

ಸಂಜೆಯವರೆಗೂ ಎಂಟನೇ ಲೈನಿಗೆ ಕಿವಿಕೊಟ್ಟು ಕೂತೆ. ಮತ್ತೆ ಕರೆಯಲಿಲ್ಲ. ಕರೆದಿದ್ದರೆ ಸಮಾಧಾನವಾಗುತ್ತಿತ್ತು.

ಅಮ್ಮನಿಗೆ ಹೇಳಿಲ್ಲ. ಅವಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಳೆ.

ಈಗಷ್ಟೇ ಅಲ್ಲಿಂದ ಕರೆದಳು. “ಅಕ್ಕೂ.”

ನಾನು ಓ ಅನ್ನಲಿಲ್ಲ. ಪಾತ್ರೆಯ ಸದ್ದು ನಿಂತಿದೆ. ಇನ್ನೊಮ್ಮೆ ಕರೆಯಲಿ ಎಂದು ಕಾಯುತ್ತಾ ಇದನ್ನು ಬರೆಯುತ್ತಿದ್ದೇನೆ. ಇಷ್ಟು ಬರೆದು ಮುಗಿದರೂ ಅವಳು ಇನ್ನೂ